ಹುಡುಗರ ಮಾತು, ನಮ್ಮ ನುಡಿ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಮಿಲ್ಲಿನ ಗುಮಾಸ್ತರು, ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವರು. ಭಾಷಾಶಾಸ್ತ್ರ ಹೇಳುವ ಯೋಗ್ಯತೆ ನಮಗಿಲ್ಲ. ಆದರೆ ಪಾಳಿ ಬದಲಾಗುವ ಹೊತ್ತಿನಲ್ಲಿ ಗೇಟಿನ ಬಳಿ ನಿಂತರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಹುಡುಗರ ಮಾತು ಐದನೆಯದು.

ಹಿರಿಯರ ದೂರು ಒಂದೇ: ಈ ಹುಡುಗರ ಬಾಯಲ್ಲಿ ಕನ್ನಡ ಕೆಟ್ಟಿತು. ಮೊಮ್ಮಗ ಗೆಳೆಯನನ್ನು ‘ಮಚ್ಚಾ’ ಎಂದು ಕೂಗುತ್ತಾನೆ. ತಮಿಳಿನಲ್ಲಿ ಮಚ್ಚಾನ್ ಎಂದರೆ ಭಾವ ಅಥವಾ ಮೈದುನ. ಹೆಣ್ಣು ಕೊಟ್ಟು ತಂದ ಸಂಬಂಧವಿಲ್ಲದೆ ಭಾವನಾಗುವುದು ಹೇಗೆ ಎಂದು ಅಜ್ಜಿ ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೆ ಆ ಪದ ಬೆಂಗಳೂರಿಗೂ ಹೋಗಿ, ಅಲ್ಲಿಯ ‘ಮಗಾ’, ‘ಗುರು’ಗಳ ಪಕ್ಕದಲ್ಲಿ ಕುಳಿತಿದೆ. ಒಂದೇ ಬೆಂಚಿನವರು ತಾವೆಲ್ಲ ಒಂದೇ ಮನೆಯವರೆಂದು ತೋರಿಸಿಕೊಳ್ಳಲು ನೆಂಟಸ್ತಿಕೆಯ ಪದವನ್ನೇ ಸಾಲ ತರುತ್ತಾರೆ. ಹುಡುಗರ ಮಾತಿನ ಮುಖ್ಯ ಕೆಲಸ ಇದೇ: ನಮ್ಮವನು ಯಾರು, ಹೊರಗಿನವನು ಯಾರು ಎಂದು ಗುರುತು ಹಿಡಿಯುವುದು. ಆದ್ದರಿಂದಲೇ ಅಪ್ಪನೂ ಮೇಷ್ಟರೂ ಕಲಿತ ಕೂಡಲೆ ಪದದ ರುಚಿ ಹೋಗಿ, ಹುಡುಗರು ಬೇರೊಂದನ್ನು ಹುಡುಕುತ್ತಾರೆ. ಹೆಚ್ಚಿನವು ಹೀಗೆ ಸಾಯುತ್ತವೆ. ಅವಕ್ಕಾಗಿ ಯಾರೂ ಅಳಬೇಕಾಗಿಲ್ಲ.

ಕೆಲವು ಉಳಿಯುತ್ತವೆ. ‘ಸಖತ್’ ಎಂಬುದನ್ನು ನೋಡಿ. ಪಾರಸಿಯಲ್ಲೂ ಉರ್ದುವಿನಲ್ಲೂ ‘ಸಖ್ತ್’ ಎಂದರೆ ಗಟ್ಟಿ, ಕಠಿಣ. ಕನ್ನಡ ಹುಡುಗರ ಬಾಯಲ್ಲಿ ಅದು ‘ಬಹಳ ಚೆನ್ನ’ ಎಂದಾಯಿತು. ಸಖತ್ ಊಟ, ಸಖತ್ ಸಿನಿಮಾ! (ಕ್ಯಾಂಟೀನಿನ ಚಪಾತಿಗೆ ಹಳೆಯ ಅರ್ಥವೇ ಒಪ್ಪುತ್ತದೆ.) ‘ಬೇಜಾರು’, ‘ಗಲೀಜು’ ಕೂಡ ಅದೇ ದಾರಿಯಲ್ಲಿ ಬಂದವು. ಚೆನ್ನೈಯ ಬೀದಿಯ ತಮಿಳಿನಲ್ಲೂ ಅವು ಇವೆ, ಹುಡುಗರನ್ನು ಬೈಯುವ ಅಜ್ಜಿಯ ಬಾಯಲ್ಲೂ ಇವೆ. ‘ಓವರ್‌ಟೈಮ್’ ನಮ್ಮಲ್ಲಿ ‘ಓಟಿ’ ಆಗಿ ಎಷ್ಟೋ ಕಾಲವಾಯಿತು.

ಇನ್ನೂ ಹಿಂದಕ್ಕೆ ಹೋಗೋಣ. ಹತ್ತನೆಯ ಶತಮಾನದ ಪಂಪನ ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’, ಹೂವಿಗೆ ‘ಪೂ’. ಇಲ್ಲಿ ಬೆಳಿಗ್ಗೆ ಬಾಗಿಲಿಗೆ ಬರುವ ಹಾಲಿನವನು ಇಂದಿಗೂ ‘ಪಾಲ್’ ಎಂದೇ ಕೂಗುತ್ತಾನೆ. ಪಕಾರವನ್ನು ಹಕಾರ ಮಾಡಿಕೊಂಡವರು ನಾವು. ಮೊದಲು ‘ಹಾಲು’ ಎಂದವರಿಗೂ ಮನೆಯಲ್ಲಿ ಬೈಗುಳ ಸಿಕ್ಕಿರಬಹುದು. ಇಂದು ಅದೇ ಶುದ್ಧ ಕನ್ನಡ.

ಹಾಗೆಂದು ಎಲ್ಲವನ್ನೂ ನಾವು ಒಪ್ಪುವುದಿಲ್ಲ. ಹೆಂಗಸರನ್ನು ಹೀಯಾಳಿಸುವ ಪದ ಎಷ್ಟು ಹೊಸದಾದರೂ ಕೊಳಕೇ. ರಜೆಯ ಅರ್ಜಿಯಲ್ಲಿ ‘ಬಾಸ್, ಎರಡು ದಿನ ಸಖತ್ ಜ್ವರ’ ಎಂದು ಬರೆದರೆ ರಜೆ ಸಿಕ್ಕೀತೇ? ಎಲ್ಲಿ ಯಾವ ಮಾತು ಎಂಬುದನ್ನು ಹುಡುಗರು ಕಲಿಯಬೇಕು.

ಆದರೆ ನಮಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಇಲ್ಲಿ ಹುಟ್ಟಿದ ಹುಡುಗ ‘ಶೀಕ್ಕಿರಂ ಬಾ ಮಚ್ಚಾ’ ಎಂದಾಗ ದೊಡ್ಡವರು ಗೊಳ್ಳೆಂದು ನಗುತ್ತಾರೆ. ನಗಿಸಿಕೊಂಡ ಹುಡುಗ ಮಾರನೆಯ ದಿನ ಶುದ್ಧ ಕನ್ನಡ ಆಡುವುದಿಲ್ಲ. ಪೂರ್ತಿ ತಮಿಳಿಗೆ ಹೋಗುತ್ತಾನೆ. ಅಲ್ಲಿ ಅವನನ್ನು ನೋಡಿ ನಗುವವರಿಲ್ಲ. ಆಮೇಲೆ ಈ ಕಪಾಟಿನ ಪುಸ್ತಕಗಳನ್ನು ತೆಗೆಯುವವರು ಯಾರು? ‘ಶೀಕ್ಕಿರಂ’ ಎಂಬುದು ನಮ್ಮ ‘ಶೀಘ್ರ’ವೇ ಅಲ್ಲವೇ? ಅಷ್ಟು ಹೇಳಿ ಕಳಿಸಿದ್ದರೆ ಅವನಿಗೂ ಒಂದು ಪದ ಸಿಗುತ್ತಿತ್ತು.

ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು (1913–2021) ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳಿಗೆ ವರ್ಷಗಟ್ಟಲೆ ತಾಳ್ಮೆಯಿಂದ ಉತ್ತರ ಬರೆದರು. ಅವರಷ್ಟು ಓದು ನಮ್ಮಲ್ಲಿಲ್ಲ. ಆದರೂ ಪತ್ರಿಕೆಗಳ ಮೇಜಿನ ಮೇಲೆ ಒಂದು ನೋಟುಪುಸ್ತಕವನ್ನು ದಾರ ಕಟ್ಟಿ ಇಟ್ಟಿದ್ದೇವೆ. ಹುಡುಗರು ತಮ್ಮ ಹೊಸ ಪದ ಬರೆಯಲಿ. ಅದಕ್ಕೆ ಊರಲ್ಲಿ ಏನೆನ್ನುತ್ತಿದ್ದರು ಎಂದು ಹಿರಿಯರು ಎದುರಿಗೆ ಬರೆಯಲಿ. ಪೆನ್ಸಿಲನ್ನು ಮಾತ್ರ ದಯವಿಟ್ಟು ಮನೆಗೆ ಒಯ್ಯಬೇಡಿ.