ಹಾಯಿಯೊಳಗಿನ ಬಿಸಿಲು



ಎತ್ತು ಎಂದರೆ ನಮಗೆ ಹೊಲ, ನೇಗಿಲು, ಗಾಡಿ. ಸಮುದ್ರಕ್ಕೆ ಇಳಿದು, ನೊರೆ ತುಳಿಯುತ್ತ ಮೀನುದೋಣಿಯನ್ನು ದಡಕ್ಕೆಳೆಯುವ ಎತ್ತಿನ ಜೋಡಿಯನ್ನು ಊಹಿಸಿಕೊಳ್ಳುವುದೂ ಕಷ್ಟ. ಸ್ಪೇನ್ ದೇಶದ ವಲೆನ್ಸಿಯಾದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇದು ದಿನನಿತ್ಯದ ನೋಟವಾಗಿತ್ತು. ಅಲ್ಲಿನ ಹಾಯಿದೋಣಿಗಳು ಮರಳಿನ ಮೇಲೆಯೇ ಏರಿ ನಿಲ್ಲಬೇಕಿತ್ತು. ಅಷ್ಟು ಭಾರ ಎಳೆಯಲು ಆಳುಗಳ ರಟ್ಟೆ ಸಾಲದು. ಕಬಾನ್ಯಾಲ್ ಎಂಬ ಮೀನುಗಾರರ ಕೇರಿಯಲ್ಲಿ ಈ ಎತ್ತುಗಳಿಗೆಂದೇ ದೊಡ್ಡ ಕೊಟ್ಟಿಗೆ ಕಟ್ಟಿದ್ದರು. ಆ ಕಟ್ಟಡ ಈಗಲೂ ಇದೆ.

ಈ ನೋಟವನ್ನು ಬಣ್ಣದಲ್ಲಿ ಹಿಡಿದವನು ಹೊವಾಕಿನ್ ಸೊರೋಯಾ. 1863ರಲ್ಲಿ ವಲೆನ್ಸಿಯಾದಲ್ಲೇ ಹುಟ್ಟಿದವನು. ಎರಡು ವರ್ಷದ ಕೂಸಾಗಿದ್ದಾಗಲೇ ಅಪ್ಪ ಅಮ್ಮ ಇಬ್ಬರೂ ಕಾಲರಾಕ್ಕೆ ಬಲಿಯಾದರು. ಬೆಳೆದದ್ದು ಬಂಧುಗಳ ಮನೆಯಲ್ಲಿ; ಆ ಮನೆಯ ಯಜಮಾನನ ಕಸುಬು ಬೀಗ ಮಾಡುವುದು.

ಸೊರೋಯಾನನ್ನು ಇಂಪ್ರೆಷನಿಸ್ಟ್ ಎನ್ನುವ ರೂಢಿ ಇದೆ. ಬಯಲಿನ ಬೆಳಕನ್ನು ಹಿಡಿಯಹೊರಟ ಪ್ಯಾರಿಸ್ಸಿನ ಆ ಚಿತ್ರಕಾರರ ಗುಂಪಿನ ಕೊನೆಯ ಪ್ರದರ್ಶನ ಮುಗಿದದ್ದು 1886ರಲ್ಲಿ. ಇವನು ಆ ಗುಂಪಿನವನಲ್ಲ. ಹಣೆಪಟ್ಟಿ ಹೇಗಾದರೂ ಇರಲಿ, ಅವರು ತೆರೆದ ದಾರಿಯಲ್ಲೇ ಇವನೂ ನಡೆದ. ಕೋಣೆ ಬಿಟ್ಟು ಬಯಲಿಗೆ ಬಂದ. ಆಳೆತ್ತರ ಮೀರುವ ಕ್ಯಾನ್ವಾಸನ್ನು ಕಡಲದಂಡೆಯಲ್ಲೇ ನಿಲ್ಲಿಸಿ, ಬಿಸಿಲು ಸರಿಯುವುದರೊಳಗೆ ಬಣ್ಣ ಹಚ್ಚುವ ಅವಸರ ಅವನದು.

1894ರ 'ಮೀನುಗಾರಿಕೆಯಿಂದ ಮರಳಿ' ಎಂಬ ಚಿತ್ರ ನಾಲ್ಕು ಮೀಟರ್ ಅಗಲದ್ದು. ಹಿಂದೆ ಗಾಳಿ ತುಂಬಿ ಉಬ್ಬಿದ ಹಾಯಿ, ಮುಂದೆ ನೀರಿನಲ್ಲಿ ಎತ್ತುಗಳು, ದೋಣಿಯ ಸುತ್ತ ದುಡಿಯುವ ಜನ. ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಪಡೆದ ಇದನ್ನು ಫ್ರಾನ್ಸ್ ಸರಕಾರವೇ ಕೊಂಡುಕೊಂಡಿತು. ಈಗ ಅಲ್ಲಿನ ಒರ್ಸೆ ಮ್ಯೂಸಿಯಮ್ಮಿನಲ್ಲಿದೆ.

ಇನ್ನೂ ಸೂಕ್ಷ್ಮವಾಗಿ ನೋಡಬೇಕಾದದ್ದು 1896ರ 'ಹಾಯಿ ಹೊಲಿಗೆ'. ಹೂಕುಂಡಗಳ ನಡುವೆ ಹೆಂಗಸರೂ ಗಂಡಸರೂ ಹರಿದ ಹಾಯಿ ಹರಡಿಕೊಂಡು ಸೂಜಿ ಹಿಡಿದಿದ್ದಾರೆ. ಚಿತ್ರದ ಮುಕ್ಕಾಲು ಪಾಲು ಬಿಳಿಬಟ್ಟೆಯೇ ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಬಿಳಿ ಎಲ್ಲಿ? ಮಡಿಕೆಯಲ್ಲಿ ತಿಳಿನೀಲಿ, ನೆರಳಿನಲ್ಲಿ ನೇರಳೆ, ಎಲೆಗಳ ಬಳಿ ಹಸಿರು, ಬಿಸಿಲು ಬಿದ್ದಲ್ಲಿ ಹಳದಿ. ಇದು ಚಿತ್ರಕಾರನ ಕಲ್ಪನೆಯಲ್ಲ. ಬಯಲಿನಲ್ಲಿ ನೆರಳಿಗೆ ಬಿಸಿಲು ತಲುಪದಿದ್ದರೂ ಆಕಾಶದ ಬೆಳಕು ತಲುಪುತ್ತದೆ, ಆಕಾಶ ನೀಲಿ. ಪಕ್ಕದ ಎಲೆ, ಮರಳು, ಮೈಬಣ್ಣ ಕೂಡ ತಮ್ಮ ಪಾಲಿನ ಬೆಳಕನ್ನು ಬಟ್ಟೆಯ ಮೇಲೆ ಚೆಲ್ಲುತ್ತವೆ. ಮೇಲಾಗಿ ಹಳದಿಯ ಪಕ್ಕದಲ್ಲಿರುವುದನ್ನು ಕಣ್ಣು ತಾನಾಗಿಯೇ ನೇರಳೆಯತ್ತ ತಿರುಗಿಸಿಕೊಳ್ಳುತ್ತದೆ. ಈ ಗುಟ್ಟನ್ನು ವಿವರಿಸಿ 1839ರಲ್ಲೇ ಪುಸ್ತಕ ಬರೆದವನು ಶೆವ್ರಲ್. ಪ್ಯಾರಿಸ್ಸಿನ ಚಿತ್ರಗಂಬಳಿ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥ. ಒಂದು ಬಣ್ಣ ಮಂಕಾಗಿ ಕಾಣುವುದಕ್ಕೆ ಬಣ್ಣದ್ದೇ ದೋಷ ಇರಬೇಕಿಲ್ಲ, ಪಕ್ಕದ ನೂಲೂ ಕಾರಣ ಎಂದು ಅವನಿಗೆ ಹೊಳೆದದ್ದು ಆ ಕೆಲಸದಲ್ಲೇ. ಇಂಪ್ರೆಷನಿಸ್ಟರು ಕಪ್ಪನ್ನು ಬಹುಮಟ್ಟಿಗೆ ಕೈಬಿಡಲು ಇಂಥ ತಿಳಿವಳಿಕೆಯೂ ಒಂದು ಕಾರಣ. ಅವರು ಬಯಲಿಗೆ ಬರಲು ನೆರವಾದದ್ದು ತಗಡಿನ ಟ್ಯೂಬುಗಳಲ್ಲಿ ಸಿಗತೊಡಗಿದ ಸಿದ್ಧ ಬಣ್ಣ. ಟ್ಯೂಬು ಬಂದದ್ದು 1841ರಲ್ಲಿ.

ಒಂದು ಆಕ್ಷೇಪವಿದೆ. ಬೆವರು, ಸಾಲ, ಬಿರುಗಾಳಿಯ ಭಯದಲ್ಲಿ ಬದುಕುವವರ ದುಡಿಮೆಯನ್ನು ಇಷ್ಟೊಂದು ಬೆಳಗಿಸಿ ತೋರಿಸಿದರೆ ಕಷ್ಟ ಮರೆಯಾಗುವುದಿಲ್ಲವೇ? ಪ್ರಶ್ನೆ ಸರಿಯಾದದ್ದೇ. ಚೆಂದದ ಬಿಸಿಲು ನೋಡುವವನಿಗೆ ಸುಖ. ಅದರಡಿ ಹಗ್ಗ ಎಳೆಯುವವನಿಗೆ ಅದು ಸುಡುವ ಬಿಸಿಲು.

ಆದರೆ ಎತ್ತುಗಳನ್ನು ಬರೆದ ಅದೇ 1894ರಲ್ಲಿ ಸೊರೋಯಾ ಇನ್ನೊಂದು ಚಿತ್ರವನ್ನೂ ಬರೆದ. ದೋಣಿಯ ಒಡಲು, ಅರೆಬೆಳಕು. ಗಾಯಗೊಂಡ ಎಳೆಯ ಮೀನುಗಾರ, ಬರಿಯ ಎದೆ, ಕೊರಳಲ್ಲಿ ತಾಯಿತ. ಇಬ್ಬರು ಹಿರಿಯರು ಅವನ ಆರೈಕೆಯಲ್ಲಿದ್ದಾರೆ. ಹಿಂದೆ, ಹಿಡಿದು ತಂದ ಮೀನು. ಚಿತ್ರದ ಹೆಸರು: 'ಆದರೂ ಮೀನು ತುಟ್ಟಿ ಅನ್ನುತ್ತಾರೆ!' ಅದು ಈಗ ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಮ್ಮಿನಲ್ಲಿದೆ. ಹೊರಗಿನ ಬಿಸಿಲನ್ನು ಅಷ್ಟು ಬಲ್ಲವನು ಇಲ್ಲಿ ಬೇಕೆಂದೇ ಬೆಳಕಿಗೆ ಕಡಿವಾಣ ಹಾಕಿದ್ದಾನೆ. ಹಾಗಾಗಿ ಅವನ ಬಿಸಿಲನ್ನು ಬರೀ ಅಲಂಕಾರ ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಎಷ್ಟೋ ಹಳೆಯ ಚಿತ್ರಗಳಲ್ಲಿ ಬೆಳಕೆಲ್ಲ ದೇವರಿಗೆ, ದೊರೆಗೆ ಮೀಸಲು. ಇವನು ಅದನ್ನು ಹಾಯಿ ಹೊಲಿಯುವ ಹೆಂಗಸಿನ ಕೈಮೇಲೆ, ಎತ್ತಿನ ಒದ್ದೆ ಬೆನ್ನಿನ ಮೇಲೆ ಚೆಲ್ಲಿದ.

ಈ ಬಿಸಿಲು ಕಡಲಾಚೆಗೂ ತಲುಪಿತು. 1909ರ ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಅವನ ಪ್ರದರ್ಶನ ನಡೆಯಿತು. ಸುಮಾರು ಒಂದು ತಿಂಗಳಲ್ಲಿ ಹತ್ತಿರ ಹತ್ತಿರ 1,60,000 ಜನ ಬಂದು ನೋಡಿದರು.

ಇವತ್ತು ಈ ಚಿತ್ರಗಳಿಗಾಗಿ ಹಡಗು ಹತ್ತಬೇಕಿಲ್ಲ. ನಿಮ್ಮ ಮೊಬೈಲಿನಲ್ಲೇ ಸಿಗುತ್ತವೆ. ಹಾಯಿಯ ಮಡಿಕೆಗಳನ್ನು ಹಿಗ್ಗಿಸಿ ನೋಡಿ, ಎಷ್ಟು ಬಣ್ಣ ಸಿಕ್ಕವು ಎಂದು ಮನೆಯ ಮಕ್ಕಳನ್ನೂ ಕೇಳಿ. ಆಮೇಲೆ ಆ ಗಾಯಗೊಂಡ ಹುಡುಗನ ಚಿತ್ರವನ್ನೂ ತಪ್ಪದೆ ತೆರೆದು ನೋಡಿ.