ಕುಶಲಕರ್ಮಿಗಳ ಛಾಯಾಚಿತ್ರ ಮತ್ತು ಗ್ರಾಮ ಪಂಚಾಯತಿ



ಪಂಚಾಯತಿ ಕಡತಗಳಲ್ಲಿ ಛಾಯಾಚಿತ್ರಗಳಿಗೆ ಕೊರತೆಯಿಲ್ಲ. ಉದ್ಯೋಗ ಖಾತ್ರಿ ಕಾಮಗಾರಿಗೆ ಆರಂಭಕ್ಕೆ ಮುನ್ನ, ನಡುವೆ, ಮುಗಿದ ಮೇಲೆ ಎಂದು ಮೂರು ಹಂತದ ಚಿತ್ರಗಳು. 2023ರ ಜನವರಿ 1ರಿಂದ ಕೂಲಿಕಾರರ ಹಾಜರಾತಿಗೂ ಚಿತ್ರ ಕಡ್ಡಾಯವಾಯಿತು. ಇವೆಲ್ಲ ಲೆಕ್ಕದ ಪುರಾವೆಗಳು. ಆದರೆ ಖಡಕ್ ರೊಟ್ಟಿ ಮಾಡಿ ಮಾರುವ ಸ್ವಸಹಾಯ ಸಂಘದ ಮಹಿಳೆ, ಬುಟ್ಟಿ ಹೆಣೆಯುವವರು, ಕಮ್ಮಾರರು, ಬಿದ್ರಿ ಕೆಲಸಗಾರರು ಇವರ ಚಿತ್ರವೂ ಅದೇ ಪದ್ಧತಿಯಲ್ಲಿ ಮೂಡುತ್ತಿದೆ. ಗೋಡೆಗೆ ಬೆನ್ನು, ಕೈಯಲ್ಲಿ ಮಂಜೂರಾತಿ ಪತ್ರ, ಅಕ್ಕಪಕ್ಕದಲ್ಲಿ ಗಣ್ಯರು. ಸಹಾಯ ಕೊಟ್ಟವರು ಯಾರೆಂಬುದು ಆ ಚಿತ್ರದಿಂದ ತಿಳಿಯುತ್ತದೆ. ಪಡೆದವರು ಏನು ಮಾಡಬಲ್ಲರೆಂಬುದು ತಿಳಿಯದು.

ಈ ರೂಢಿ ಹಳೆಯದು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ 'ದಿ ಪೀಪಲ್ ಆಫ್ ಇಂಡಿಯಾ' ಗ್ರಂಥವು ಈ ದೇಶದ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳೆಂಬಂತೆ ತೋರಿಸಿತು. 2005ರಲ್ಲಿ ಅಮೆರಿಕದಲ್ಲಿ ಆರಂಭವಾದ ಕಿವಾ ಸಂಸ್ಥೆಯು ಹಲವು ದೇಶಗಳ ಸಣ್ಣ ಉದ್ಯಮಿಗಳ ಚಿತ್ರವನ್ನು ಸಾಲ ಕೊಡುವವರ ಮುಂದಿಡುತ್ತದೆ. ಅಲ್ಲಿ ವ್ಯಕ್ತಿಗೆ ಹೆಸರಿದೆ, ಕಸುಬಿದೆ; ಇದು ಸುಧಾರಣೆಯೇ ಸರಿ. ಆದರೂ ಮುಖವೇ ಸಾಲದ ಅರ್ಜಿಯಾಗುವುದು ಅಷ್ಟು ಸಮಾಧಾನದ ಸಂಗತಿಯಲ್ಲ.

ಬೀದರದ ಬಿದ್ರಿ ಕಲೆಯನ್ನೇ ನೋಡಬಹುದು. ಈ ಕಲೆಗಾಗಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಸತುವೇ ಹೆಚ್ಚಾಗಿದ್ದು ತುಸು ತಾಮ್ರ ಬೆರೆತ ಲೋಹವನ್ನು ಎರಕ ಹೊಯ್ದು, ಉಜ್ಜಿ ನಯಗೊಳಿಸಿ, ಉಳಿಯಿಂದ ವಿನ್ಯಾಸ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಕೂರಿಸಲಾಗುತ್ತದೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆತ ದ್ರಾವಣವು ಲೋಹವನ್ನು ಕಪ್ಪಾಗಿಸಿ ಬೆಳ್ಳಿಯನ್ನು ಹಾಗೆಯೇ ಬಿಡುತ್ತದೆ. ಮುಗಿದ ಹೂಜಿಯ ಚಿತ್ರವೊಂದನ್ನೇ ಕಂಡ ಗ್ರಾಹಕನಿಗೆ ಅದಕ್ಕೂ ಕಪ್ಪು ಬಣ್ಣ ಬಳಿದ ನಕಲಿಗೂ ವ್ಯತ್ಯಾಸ ಕಾಣದು. ಬೆಲೆಯನ್ನು ಸಮರ್ಥಿಸುವುದು ಕೆಲಸದ ಹಂತಗಳ ಚಿತ್ರ. ಆದರೆ ಹೊಸ ವಿನ್ಯಾಸವನ್ನು ಮಾರುವ ಮುನ್ನ ತೋರಿಸಲು ಕುಶಲಕರ್ಮಿ ಒಪ್ಪದಿದ್ದರೆ ಒತ್ತಾಯ ಸಲ್ಲದು. ನಕಲಿನಿಂದಾಗುವ ನಷ್ಟ ಅವರದೇ.

ಮೊಬೈಲ್ ಕ್ಯಾಮೆರಾಕ್ಕೆ ಕಪ್ಪು ವಸ್ತು ಕಂಡರೆ ಕತ್ತಲೆಂಬ ಭ್ರಮೆ. ಅದು ಬೆಳಕನ್ನು ತಾನೇ ಹೆಚ್ಚಿಸಿ ಬಿದ್ರಿಯ ಗಾಢ ಕಪ್ಪನ್ನು ಬೂದಿ ಬಣ್ಣವಾಗಿಸುತ್ತದೆ. ಪರದೆಯ ಮೇಲೆ ವಸ್ತುವನ್ನು ಮುಟ್ಟಿ ಬೆಳಕನ್ನು ಇಳಿಸಬೇಕು. ಫ್ಲಾಶ್ ಬಳಸಿದರೆ ಬೆಳ್ಳಿ ಅದನ್ನೇ ಮರಳಿಸುತ್ತದೆ. ಬಾಗಿಲ ಪಕ್ಕದ ಓರೆ ಬೆಳಕು ಸಾಕು. ರೊಟ್ಟಿಯ ಮೇಲಿನ ಉಬ್ಬು, ಬುಟ್ಟಿಯ ಹೆಣಿಗೆ ಸ್ಪಷ್ಟವಾಗುವುದೂ ಈ ಬೆಳಕಿನಲ್ಲಿಯೇ. ವಸ್ತುವಿನ ಗಾತ್ರ ತಿಳಿಯಲು ಮಾಡಿದವರ ಕೈ ಚಿತ್ರದಲ್ಲಿರಲಿ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿವರೆಗೆ ಸಾಲ ಇದರಲ್ಲಿದೆ. ಗ್ರಾಮೀಣ ಅರ್ಜಿಗಳ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯತಿಯದು. ಅರ್ಜಿದಾರರು ಕುಲುಮೆಯ ಮುಂದೆ ಅಥವಾ ಹೊಲಿಗೆ ಯಂತ್ರದ ಬಳಿ ಕೆಲಸದಲ್ಲಿ ತೊಡಗಿರುವ ಚಿತ್ರವು ಪರಿಶೀಲನೆಗೆ ನೆರವಾದೀತು. ಆದರೂ ಸದಸ್ಯರು ಮನೆಬಾಗಿಲಿಗೆ ಹೋಗಿ ನೋಡುವುದಕ್ಕೆ ಅದು ಬದಲಿಯಲ್ಲ.

ಸ್ಥಳಸೂಚಿ ಕ್ಯಾಮೆರಾ ಆ್ಯಪ್‌ನ ಬಳಕೆಯಲ್ಲಿ ಎಚ್ಚರ ಅಗತ್ಯ. ಚೆಕ್ ಡ್ಯಾಮಿನ ಚಿತ್ರದ ಮೇಲೆ ಅಕ್ಷಾಂಶ, ರೇಖಾಂಶ ಮುದ್ರಿತವಾದರೆ ಬಾಧೆಯಿಲ್ಲ. ಒಂಟಿಯಾಗಿ ವಾಸಿಸುವ ಮಹಿಳೆಯ ಮನೆಯ ಚಿತ್ರ ಅದೇ ಮುದ್ರೆಯೊಡನೆ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಾಡಿದರೆ ಮನೆಯ ದಾರಿ ಎಲ್ಲರಿಗೂ ಸಿಕ್ಕಂತೆ. ಪ್ರಚಾರಕ್ಕೆ ಮುದ್ರೆಯಿಲ್ಲದ ಚಿತ್ರವನ್ನೇ ಬಳಸಬೇಕು. ಎಲ್ಲಿ, ಯಾವುದಕ್ಕೆ ಬಳಸಲಾಗುವುದೆಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಮನೆಯವರು ಒಪ್ಪಿದರೆಂದರೆ ಆಕೆ ಒಪ್ಪಿದಂತಲ್ಲ.

ಸಂಜೀವಿನಿ ಒಕ್ಕೂಟದಲ್ಲಿ ಇದಕ್ಕಾಗಿ ಒಂದು ವಹಿ ಸಾಕು: ಹೆಸರು, ಕಸುಬು, ದಿನಾಂಕ, ಒಪ್ಪಿಗೆಯ ಸಹಿ ಅಥವಾ ಹೆಬ್ಬೆಟ್ಟು. ಚಿತ್ರದ ಮುದ್ರಿತ ಪ್ರತಿಯೊಂದನ್ನು ಅವರಿಗೇ ಕೊಟ್ಟು, ಅದನ್ನೂ ಆ ವಹಿಯಲ್ಲಿ ನಮೂದಿಸಬಹುದು.