ಹಜಾರಕ್ಕೆ ಚರ್ಮದ ಪೀಠಗಳು



ಗೃಹಪ್ರವೇಶ ಮುಗಿದ ಮೇಲೆ ಗೃಹಸ್ಥನ ಮುಂದೆ ನಿಲ್ಲುವ ದೊಡ್ಡ ವೆಚ್ಚಗಳಲ್ಲಿ ಹಜಾರದ ಪೀಠೋಪಕರಣಗಳ ವೆಚ್ಚವೂ ಒಂದು. ಅದರಲ್ಲಿಯೂ ಚರ್ಮದ ಸೋಫಾ ಎಂದರೆ ಅನೇಕ ಕುಟುಂಬಗಳಲ್ಲಿ ವರ್ಷಗಳ ಉಳಿತಾಯದ ಮಾತು. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ, ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವ ನಾವು, ಅವುಗಳಿಗಿಂತ ಎಷ್ಟೋ ಮಡಿ ಬೆಲೆಯುಳ್ಳ ಈ ಪದಾರ್ಥವನ್ನು ಮಾತ್ರ ಬಣ್ಣ ನೋಡಿ, ಒಮ್ಮೆ ಕುಳಿತೆದ್ದು, ಹಣ ತೆತ್ತು ತಂದುಬಿಡುತ್ತೇವೆ. ನಾಲ್ಕಾರು ಮಳೆಗಾಲಗಳು ಕಳೆಯುವಷ್ಟರಲ್ಲಿ ಅದರ ಮೈ ಹೊಪ್ಪಳಿಕೆಯೆದ್ದು ಸುಲಿಯತೊಡಗಿದರೆ, ಚರ್ಮದ ಹಣೆಬರಹವೇ ಇಷ್ಟೆಂದು ಹಳಿಯುತ್ತೇವೆ. ಆದರೆ ಹಾಗೆ ಸುಲಿಯುವ ಪೀಠಗಳಲ್ಲಿ ಬಹುಪಾಲಿನ ಮೇಲೆ ಚರ್ಮವೇ ಇರುವುದಿಲ್ಲ. ಚರ್ಮವೆಂಬ ಹೆಸರು ಮಾತ್ರ ಇರುತ್ತದೆ. ಆದುದರಿಂದ ಈ ಹೊತ್ತು ಮೊದಲು ಹೆಸರುಗಳ ವಿಚಾರವನ್ನೂ, ಅನಂತರ ಪರೀಕ್ಷೆಯ ಕ್ರಮವನ್ನೂ, ಕೊನೆಗೆ ರಕ್ಷಣೆಯ ಮಾತನ್ನೂ ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಹಸು ಎಮ್ಮೆಗಳ ತೊಗಲು ಸಾಕಷ್ಟು ದಪ್ಪನಾದುದು. ಅದನ್ನು ಯಂತ್ರದಿಂದ ಅಡ್ಡಲಾಗಿ ಸೀಳಿ ಪದರಗಳಾಗಿ ಮಾಡುತ್ತಾರೆ. ಪೀಠಗಳಿಗೆ ಬಳಸುವ ಪದರ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಕೂದಲಿದ್ದ ಮೇಲಣ ಪದರದಲ್ಲಿ ನಾರುಗಳ ಹೆಣಿಗೆ ಅತ್ಯಂತ ನಿಬಿಡವಾದುದು. ಚರ್ಮದ ಬಾಳಿಕೆಯೆಲ್ಲವೂ ಅಲ್ಲಿದೆ. ಈ ಮೇಲ್ಮೈಯನ್ನು ಉಜ್ಜದೆ ಇದ್ದಂತೆಯೇ ಉಳಿಸಿಕೊಂಡರೆ ಅದು ಫುಲ್ ಗ್ರೇನ್. ಕಲೆ ಗೀರುಗಳನ್ನು ಮರೆಮಾಡಲು ತೆಳುವಾಗಿ ಉಜ್ಜಿ ಮೇಲೆ ಲೇಪ ಕೊಟ್ಟರೆ, ವ್ಯಾಪಾರದ ರೂಢಿಯಲ್ಲಿ ಅದು ಟಾಪ್ ಗ್ರೇನ್. ಕೆಳಗೆ ಉಳಿದ ಪದರ ಸ್ಪ್ಲಿಟ್. ಇದಕ್ಕೆ ಸ್ವಾಭಾವಿಕವಾದ ಮೈಯಿಲ್ಲ. ದಪ್ಪನಾದ ಲೇಪವನ್ನು ಬಳಿದು, ಅಚ್ಚೊತ್ತಿ, ಮೇಲ್ಪದರದ ವೇಷ ಹಾಕಿಸುತ್ತಾರೆ. ‘ಜೆನ್ಯುಯಿನ್ ಲೆದರ್’ ಎಂಬ ಚೀಟಿ ಈ ಮೂರಕ್ಕೂ ಸಲ್ಲುವುದರಿಂದ, ಆ ಮಾತಿನಿಂದ ಕೊಳ್ಳುವವನಿಗೆ ತಿಳಿಯುವುದು ಸ್ವಲ್ಪವೇ.

ಇನ್ನು ‘ಬಾಂಡೆಡ್ ಲೆದರ್’ ಎಂಬುದುಂಟು. ಚರ್ಮದ ಕತ್ತರಿಕೆಗಳನ್ನೂ ಹೊಟ್ಟನ್ನೂ ಅರೆದು, ಅಂಟು ಬೆರೆಸಿ, ಬಟ್ಟೆ ಅಥವಾ ಕಾಗದದ ಮೇಲೆ ಹಾಳೆಯಾಗಿ ಒತ್ತಿ, ಪಾಲಿಯುರೆಥೇನ್ ಲೇಪ ಕೊಟ್ಟದ್ದು. ಮರದ ಹೊಟ್ಟಿನ ಹಲಗೆಯನ್ನು ತೇಗವೆಂದು ಕರೆದರೆ ಎಷ್ಟು ನಿಜವೋ ಇದನ್ನು ಚರ್ಮವೆಂದರೂ ಅಷ್ಟೇ ನಿಜ. ‘ಪಿ.ಯು. ಲೆದರ್’, ‘ಲೆದರೆಟ್’ ಎಂಬುವುಗಳಲ್ಲಿ ಆ ಹೊಟ್ಟೂ ಇಲ್ಲ. ಅವು ಬಟ್ಟೆಯ ಮೇಲಿನ ಪ್ಲಾಸ್ಟಿಕ್ ಲೇಪ ಮಾತ್ರ. ನಮ್ಮ ಜನರ ಬಾಯಲ್ಲಿ ಬೆರೆತುಹೋಗಿರುವ ‘ರೆಕ್ಸಿನ್’ ಎಂಬ ಮಾತು ಮೂಲದಲ್ಲಿ ಇಂಗ್ಲೆಂಡಿನ ಒಂದು ಕಂಪನಿಯ ವ್ಯಾಪಾರನಾಮ. ಆ ಕಾಲದಲ್ಲಿ ಅದು ನೈಟ್ರೋಸೆಲ್ಯುಲೋಸ್ ಲೇಪಿಸಿದ ಬಟ್ಟೆಯಾಗಿತ್ತು. ರೆಕ್ಸಿನನ್ನು ರೆಕ್ಸಿನ್ ಎಂದೇ ಮಾರಿದರೆ ದೋಷವೇನೂ ಇಲ್ಲ. ಮಕ್ಕಳಿರುವ ಮನೆಗೆ ಅದು ಅನುಕೂಲವೂ ಹೌದು. ದೋಷವಿರುವುದು ಅದನ್ನು ಚರ್ಮದ ಬೆಲೆಗೆ ಮಾರುವುದರಲ್ಲಿ. ಪಾಲಿಯುರೆಥೇನಿನ ಸಾಧಾರಣ ಬಗೆಗಳು ಗಾಳಿಯ ತೇವದಿಂದ ಕ್ರಮೇಣ ಶಿಥಿಲವಾಗುವ ಸ್ವಭಾವವುಳ್ಳವು. ಆದುದರಿಂದ ಒಣಹವೆಯ ಊರುಗಳಿಗಿಂತ ಮಂಗಳೂರು ಉಡುಪಿಗಳಂಥ ಕಡಲತೀರದ ಊರುಗಳಲ್ಲಿ ಅವು ಬೇಗನೆ ಸುಲಿಯುತ್ತವೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಚರ್ಮದ ತುಣುಕನ್ನು ಕೇಳಿ ಪಡೆದು ಅದರ ಹಿಂಬದಿಯನ್ನೂ ಕತ್ತರಿಸಿದ ಅಂಚನ್ನೂ ನೋಡಿರಿ. ನಿಜವಾದ ಚರ್ಮದ ಹಿಂಬದಿ ನಾರುನಾರಾಗಿರುತ್ತದೆ. ಕೃತಕವಾದುದರಲ್ಲಿ ನೇಯ್ಗೆಯ ಎಳೆಗಳು ಕಾಣುತ್ತವೆ. ಮೇಲ್ಮೈಯ ರೋಮಕೂಪಗಳನ್ನು ದಿಟ್ಟಿಸಿರಿ. ಪ್ರಕೃತಿಯು ಒಂದೇ ಚಿತ್ತಾರವನ್ನು ಮತ್ತೆ ಮತ್ತೆ ಬಿಡಿಸುವುದಿಲ್ಲ. ಗೇಣಿಗೊಮ್ಮೆ ಅದೇ ಗುರುತು ಮರಳಿ ಬಂದರೆ ಅದು ಅಚ್ಚಿನ ಕೆಲಸ. ನೀರಿನ ಹನಿಯ ಪರೀಕ್ಷೆಯನ್ನು ಅನೇಕರು ಹೇಳುತ್ತಾರೆ. ಅದರಿಂದ ತಿಳಿಯುವುದು ಚರ್ಮದ ಸತ್ಯಾಸತ್ಯವಲ್ಲ, ಲೇಪದ ವಿಚಾರ. ಬಣ್ಣವನ್ನು ಒಳಗೇ ಹೀರಿಸಿ ಮೈಯನ್ನು ತೆರೆದಿಟ್ಟ ಆನಿಲಿನ್ ಚರ್ಮ ಹನಿಯನ್ನು ಕುಡಿದು ಕಪ್ಪಾಗುತ್ತದೆ. ವರ್ಣಲೇಪವುಳ್ಳ ಚರ್ಮದ ಮೇಲೆ ಹನಿ ಹಾಗೆಯೇ ನಿಲ್ಲುತ್ತದೆ. ಎರಡೂ ಚರ್ಮವೇ. ಮೊದಲನೆಯದು ನೋಟಕ್ಕೂ ಸ್ಪರ್ಶಕ್ಕೂ ಮೇಲು. ಆದರೆ ಕಾಫಿ ಚೆಲ್ಲುವ ನಮ್ಮ ಹಜಾರಗಳಿಗೆ ಎರಡನೆಯದೇ ಹಿತವೆಂದು ನನ್ನ ಅಭಿಪ್ರಾಯ.

ಮತ್ತೊಂದು ಪ್ರಶ್ನೆಯನ್ನು ಮರೆಯದೆ ಕೇಳತಕ್ಕದ್ದು: ಚರ್ಮವಿರುವುದು ಎಲ್ಲೆಲ್ಲಿ? ಕುಳಿತುಕೊಳ್ಳುವ ಕಡೆ ಮಾತ್ರ ಚರ್ಮ ಹೊದಿಸಿ, ಪಕ್ಕಗಳಿಗೂ ಬೆನ್ನಿಗೂ ಅದೇ ಬಣ್ಣದ ರೆಕ್ಸಿನ್ ಹೊದಿಸುವ ಪದ್ಧತಿ ಬಹಳವಾಗಿದೆ. ಹೊಸದರಲ್ಲಿ ಎರಡೂ ಒಂದೇ ಬಣ್ಣ. ಕಾಲಕ್ರಮದಲ್ಲಿ ಚರ್ಮದ ಬಣ್ಣ ಒಂದು ದಾರಿ ಹಿಡಿದರೆ ರೆಕ್ಸಿನಿನ ಬಣ್ಣ ಇನ್ನೊಂದು ದಾರಿ ಹಿಡಿಯುತ್ತದೆ. ಉತ್ತರವನ್ನು ರಸೀದಿಯಲ್ಲಿಯೇ ಬರೆಸಿಕೊಳ್ಳುವುದು ಲೇಸು. ಬಾಯಿಮಾತಿನಲ್ಲಿ ಚರ್ಮವಾಗಿದ್ದುದು ಬರೆಯಹೊರಟಾಗ ರೆಕ್ಸಿನ್ ಆಗುವುದುಂಟು.

ಚರ್ಮ ಎಷ್ಟು ಉತ್ತಮವಾದರೂ ಒಳಗಿನ ಅಸ್ಥಿಪಂಜರ ದುರ್ಬಲವಾದರೆ ಫಲವಿಲ್ಲ. ಸೋಫಾದ ಮುಂದಿನ ಒಂದು ಕಾಲನ್ನು ಅರ್ಧ ಅಡಿ ಎತ್ತಿರಿ. ಅಷ್ಟರಲ್ಲಿ ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟಿದ್ದರೆ ಚೌಕಟ್ಟು ಗಟ್ಟಿ. ಇನ್ನೂ ನೆಲಕ್ಕೇ ಅಂಟಿಕೊಂಡಿದ್ದರೆ ಚೌಕಟ್ಟು ತಿರುಚುತ್ತಿದೆಯೆಂದು ತಿಳಿಯಬೇಕು. ಚೆನ್ನಾಗಿ ಒಣಗಿಸಿದ ತೇಗ, ಹೊನ್ನೆ ಮೊದಲಾದ ಮರ, ಗೂಟವಿಟ್ಟು ಬೆಸೆದ ಕೀಲು, ಮೂಲೆಗಳಲ್ಲಿ ಆಸರೆಯ ತುಂಡು, ಇಷ್ಟು ಇದ್ದರೆ ಸೋಫಾ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಮೆತ್ತೆಯ ಫೋಮಿನಲ್ಲಿ ಮೆದುತನವೂ ಸಾಂದ್ರತೆಯೂ ಬೇರೆ ಬೇರೆ. ಘನಮೀಟರಿಗೆ 32 ಕಿಲೋಗ್ರಾಮಿಗಿಂತ ಕಡಮೆಯಾದುದು ದಿನಬಳಕೆಯ ಆಸನದಲ್ಲಿ ಬೇಗ ಕುಗ್ಗುತ್ತದೆ. 40ರ ಸುತ್ತಿನದು ಬಾಳುತ್ತದೆ. ಮನೆಯಲ್ಲಿ ವೃದ್ಧರಿದ್ದರೆ ಆಸನದ ಎತ್ತರ 17, 18 ಅಂಗುಲವಿರಲಿ. ಕುಳಿತವರು ಏಳಲು ಇನ್ನೊಬ್ಬರ ಕೈ ಬೇಡುವ ಪೀಠ ಸುಖಾಸನವಾಗಲಾರದು.

ಈಗ ಹದದ ವಿಷಯ. ನಮ್ಮ ಸೀಮೆಯಲ್ಲಿ ಹಿಂದಿನಿಂದ ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ತೊಗಲನ್ನು ಹದಮಾಡುತ್ತಿದ್ದರು. ಅದು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುವ ಕೆಲಸ. 1884ರಲ್ಲಿ ಅಮೆರಿಕದಲ್ಲಿ ಅಗಸ್ಟಸ್ ಶುಲ್ಟ್ಸ್ ಎಂಬ ರಸಾಯನಶಾಸ್ತ್ರಜ್ಞನು ಕ್ರೋಮಿಯಂ ಲವಣಗಳ ವಿಧಾನಕ್ಕೆ ಹಕ್ಕುಪತ್ರ ಪಡೆದ ಮೇಲೆ, ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು. ಸೋಫಾಗಳ ಮೃದುವಾದ ಚರ್ಮದಲ್ಲಿ ಬಹುಪಾಲು ಕ್ರೋಮ್ ಹದದ್ದೇ. ಆದರೆ ಈ ಮೃದುತ್ವಕ್ಕೆ ಯಾರು ಬೆಲೆ ತೆತ್ತರೆಂಬುದನ್ನೂ ಯೋಚಿಸಬೇಕು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ತಮಿಳುನಾಡಿಗೆ ಹರಿಯುವ ಪಾಲಾರ್ ನದಿಯ ಬಯಲು ಚರ್ಮದ ಕಾರ್ಖಾನೆಗಳ ಹೊಲಸಿನಿಂದ ಕೆಟ್ಟು, ಬಾವಿಗಳ ನೀರು ಕುಡಿಯಲು ಬಾರದಾಯಿತು. ವೆಲ್ಲೂರಿನ ನಾಗರಿಕರು ಹೂಡಿದ ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಲಿನಮಾಡಿದವನೇ ಅದರ ಬೆಲೆ ತೆರತಕ್ಕದ್ದೆಂಬ ನ್ಯಾಯವನ್ನು ಎತ್ತಿಹಿಡಿಯಿತು. ಚರ್ಮ ಯಾವ ಹದಖಾನೆಯದು, ಅಲ್ಲಿ ಕೊಳೆನೀರನ್ನು ಶುದ್ಧಿಮಾಡುತ್ತಾರೆಯೆ ಎಂದು ಕೇಳುವುದು ಗಿರಾಕಿಯ ಹಕ್ಕು. ಎಲ್ಲ ಗಿರಾಕಿಗಳೂ ಕೇಳತೊಡಗಿದರೆ ವರ್ತಕನೂ ಉತ್ತರವನ್ನು ಕಲಿಯುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನನ್ನು ಬಸವಣ್ಣನು ಗೌರವಿಸಿದ ಕಥೆಯನ್ನು ಭಕ್ತಿಯಿಂದ ಹೇಳುವ ನಾಡು ನಮ್ಮದು. ಆ ಕುಲಗಳ ಕೈಗೆಲಸದ ಮೇಲೆ ಸುಖವಾಗಿ ಕುಳಿತು, ಆ ಕೈಗಳನ್ನು ಕೀಳೆಂದು ಎಣಿಸುವುದು ನಮಗೆ ಶೋಭಿಸದು.

ರಕ್ಷಣೆಯ ಮಾತು ಸಣ್ಣದು. ನೇರವಾದ ಬಿಸಿಲು ಬೀಳದಂತೆ, ಗೋಡೆಗೆ ತಾಗದೆ ಗಾಳಿಯಾಡುವಂತೆ ಪೀಠವನ್ನು ಇಡಿರಿ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ಬೂಷ್ಟನ್ನು ಕಂಡೊಡನೆಯೇ ಒಣಬಟ್ಟೆಯಿಂದ ಒರಸತಕ್ಕದ್ದು. ಕೊಳೆಗೆ ಹಿಂಡಿದ ಒದ್ದೆಬಟ್ಟೆ ಸಾಕು; ಸೋಪಿನ ಪುಡಿ, ಸೀಮೆಎಣ್ಣೆ, ಕೊಬ್ಬರಿಎಣ್ಣೆ ಯಾವುದೂ ಕೂಡದು. ಎಣ್ಣೆಯ ತಲೆ ಒರಗುವ ಜಾಗದಲ್ಲಿ ಲೇಪ ಮೆತ್ತಗಾಗಿ ಸಿಡಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರು ಮಕಾಸರ್ ಎಂಬ ಕೇಶತೈಲ ಹಚ್ಚಿಕೊಂಡು ಕುರ್ಚಿಗಳನ್ನು ಕೆಡಿಸುತ್ತಿದ್ದುದರಿಂದ, ಬೆನ್ನಿಗೆ ಹೊದಿಸುವ ಬಟ್ಟೆಗೆ ‘ಆಂಟಿಮಕಾಸರ್’ ಎಂಬ ಹೆಸರೇ ಬಂತು. ಎಣ್ಣೆಯನ್ನು ಬಿಡಲೊಲ್ಲದ ನಾವು ಆ ಬಟ್ಟೆಯನ್ನಾದರೂ ಹಾಸಿಕೊಳ್ಳಬಹುದು.

ಕೊನೆಯದಾಗಿ ಒಂದು ಮಾತು. ಇಡೀ ಹಜಾರವನ್ನು ಒಮ್ಮೆಗೇ ತುಂಬಬೇಕೆಂಬ ಹಟ ಬೇಡ. ಇರುವ ಹಣಕ್ಕೆ ಹೆಸರುಮಾತ್ರದ ಚರ್ಮದ ಮೂರು ಪೀಠ ಬರುವುದಾದರೆ, ಅದೇ ಹಣಕ್ಕೆ ಒಂದು ನಿಜವಾದ ಕುರ್ಚಿಯನ್ನು ಕೊಂಡು, ಉಳಿದ ಜಾಗದಲ್ಲಿ ಬೆತ್ತದ ಆಸನವನ್ನೋ ಜಮಖಾನೆಯನ್ನೋ ಹಾಸಿರಿ. ಮತಧರ್ಮದ ಕಾರಣದಿಂದಲೋ ದಯೆಯಿಂದಲೋ ಚರ್ಮವೇ ಬೇಡವೆನ್ನುವವರಿಗೂ ಮರ, ಬೆತ್ತ, ದಪ್ಪನೆಯ ಹತ್ತಿಯ ಬಟ್ಟೆ ಇವು ಮರ್ಯಾದೆಯ ಪದಾರ್ಥಗಳೇ. ಮನೆಗೆ ಬಂದ ಅತಿಥಿಯು ಪೀಠದ ಬೆಲೆಯನ್ನು ಎಣಿಸುವವನಲ್ಲ. ಎಣಿಸುವವನಾದರೆ ಅವನಿಗಾಗಿ ಸಾಲಮಾಡುವ ಅಗತ್ಯವಿಲ್ಲ. ಕೊಳ್ಳುವ ಪದಾರ್ಥ ಯಾವುದಾದರೂ ಆಗಲಿ, ಅದು ತನ್ನ ಹೆಸರಿಗೆ ತಕ್ಕುದಾಗಿರಲಿ ಎಂಬುದಷ್ಟೆ ನನ್ನ ಬಿನ್ನಹ.